ಒಂದು ಕುರ್ಚಿ, ಖಾಲಿ ತಾರಸಿ

ಅಕ್ಕನ ಮಗನಿಗೆ ಈಗ ಫೋಟೋದಲ್ಲಿ ಏನೂ ಇರಬಾರದು. ಕ್ಯಾಮೆರಾ ಕೊಂಡ ಹೊಸದರಲ್ಲಿ ಹೀಗಿರಲಿಲ್ಲ. ಜಂಬೂ ಸವಾರಿ, ದೇವರಾಜ ಮಾರ್ಕೆಟ್ಟಿನ ಕುಂಕುಮದ ರಾಶಿ, ಬೀದಿ ನಾಯಿ, ಕಂಡದ್ದೆಲ್ಲ ತೆಗೆಯುತ್ತಿದ್ದ. ಈಗ ಮಿನಿಮಲಿಸಂ ಹಿಡಿದಿದೆ, ಅಂದರೆ ಫೋಟೋದಲ್ಲಿ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಅನ್ನುವ ಹುಚ್ಚು. ಖಾಲಿ ಗೋಡೆ, ಮೂಲೆಯಲ್ಲೊಂದು ಸ್ವಿಚ್ಚು. ಖಾಲಿ ಆಕಾಶ, ತುದಿಯಲ್ಲೊಂದು ಕಾಗೆ. ಚೆನ್ನಾಗಿಯೇ ಇರುತ್ತವೆ, ಇಲ್ಲ ಅನ್ನಲ್ಲ. ನನ್ನ ತಕರಾರು ಫೋಟೋದ ಮೇಲಲ್ಲ. ಅಲ್ಲಿದ್ದ ಸಾಮಾನನ್ನೆಲ್ಲ ಎತ್ತಿ ಆಚೆ ಇಡುವವರು ಯಾರು ಅನ್ನುವುದರ ಮೇಲೆ.

ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಅವನಿಗೆ ತಾರಸಿಯ ಮೇಲೆ ಒಂದೇ ಒಂದು ಮರದ ಕುರ್ಚಿ ಬೇಕಾಗಿತ್ತು. ಕುರ್ಚಿ, ಅದರ ನೆರಳು, ಅಷ್ಟೇ. ನಮ್ಮ ಮನೆಗಳ ತಾರಸಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹಗ್ಗದ ತುಂಬ ಬಟ್ಟೆ, ಕೆಟ್ಟ ಕೂಲರ್, ಎಂದಾದರೂ ಬೇಕಾಗುತ್ತೆ ಅಂತ ಭಾವ ಎತ್ತಿಟ್ಟ ಅರ್ಧಂಬರ್ಧ ಟೈಲ್ಸು, ಗಿಡ ಸತ್ತ ಮೇಲೂ ಉಳಿದ ಕುಂಡಗಳು. ಇವೆಲ್ಲದರ ನಡುವೆ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಕನ ಸಬ್ಬಕ್ಕಿ ಸಂಡಿಗೆ.

ಸಂಡಿಗೆಯ ವಿಷಯ ಸ್ವಲ್ಪ ಹೇಳಲೇಬೇಕು. ಅಕ್ಕ ಹಿಂದಿನ ರಾತ್ರಿಯೇ ಸಬ್ಬಕ್ಕಿ ನೆನೆಹಾಕಿದ್ದಳು. ಬೆಳಗ್ಗೆ ಬೇಗ ಎದ್ದು, ಕಾಳಿನ ಬಿಳಿ ಹೋಗುವ ತನಕ ತಳ ಹಿಡಿಯದ ಹಾಗೆ ತಿರುವಿ ತಿರುವಿ ಬೇಯಿಸಿ, ಹಸಿಮೆಣಸಿನಕಾಯಿ, ಉಪ್ಪು ರುಬ್ಬಿ ಹಾಕಿ, ಜೀರಿಗೆ ಬೆರೆಸಿ, ಬಿಸಿಲೇರುವ ಮೊದಲೇ ಒಂದೊಂದು ಚಮಚದಂತೆ ಸಾಲಾಗಿ ಇಟ್ಟಿದ್ದಳು. ಮಂಡಿ ನೋವಿನ ಹೆಂಗಸು, ಬಗ್ಗಿಕೊಂಡು. ಮಧ್ಯಾಹ್ನದ ಹೊತ್ತಿಗೆ ಮೇಲ್ಗಡೆ ತೆಳ್ಳಗೆ ಪೊರೆ ಕಟ್ಟಿರುತ್ತೆ, ಕೆಳಗಡೆ ಇನ್ನೂ ಹಸಿ, ಅಂಟಂಟು. ಸಂಡಿಗೆಯನ್ನು ಮುಟ್ಟಬಾರದ ಹೊತ್ತು ಅಂತ ಒಂದಿದ್ದರೆ ಅದೇ. ನಮ್ಮ ಹುಡುಗನ ಬೆಳಕು ಸರಿಯಾಗಿ ಬಂದದ್ದೂ ಆಗಲೇ.

'ಮಾವ, ಆ ತುದಿ ಹಿಡ್ಕೊಳ್ಳಿ, ಐದೇ ನಿಮಿಷ' ಅಂದ. ಹಿಡಿದುಕೊಂಡೆ. ಎತ್ತಿದ ಕೂಡಲೇ ಹಾಳೆ ನಡುವೆ ಜೋತುಬಿತ್ತು. ಅಂಚಿನಲ್ಲಿದ್ದವು ಅಂಟಿಕೊಂಡೇ ಉಳಿದವು. ನಡುವಿನವು ಮಾತ್ರ ಮೆಲ್ಲಗೆ ಜಾರಿ, ಒಂದರೊಳಗೊಂದು ಸೇರಿ, ಒಂದೇ ಒಂದು ದೊಡ್ಡ ಸಂಡಿಗೆಯಾದವು. ಕಡಿಮೆ ಮಾಡುವುದು ಅಂದರೆ ಹೀಗೇ ಇರಬೇಕು. ಆಮೇಲೆ ಬಟ್ಟೆಗಳ ಸರದಿ. ಭಾವನ ಪಂಚೆ, ಎರಡು ಟವೆಲ್ಲು, ದಿಂಬಿನ ಚೀಲಗಳನ್ನು ಹೆಗಲ ಮೇಲೆ ಹೇರಿಕೊಂಡು, ನನ್ನ ನೆರಳು ಫೋಟೋದೊಳಗೆ ಬೀಳಬಾರದು ಅಂತ, ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ. ಕಾದ ಟ್ಯಾಂಕು ಬೇರೆ. ಅಕ್ಕ ಮೇಲೆ ಬಂದಳು. ಮಗನನ್ನು ಒಂದು ಮಾತೂ ಅನ್ನಲಿಲ್ಲ. 'ಅವನಿಗಂತೂ ಬುದ್ಧಿ ಇಲ್ಲ, ನಿನಗೇನಾಗಿತ್ತು?' ಅಂತ ಶುರು ಮಾಡಿದವಳು ಕಾಫಿ ಹೊತ್ತಿನ ತನಕ ನಿಲ್ಲಿಸಲಿಲ್ಲ. ಫೋಟೋ ನೋಡಿದ ಅವನ ಗೆಳೆಯನೊಬ್ಬ 'ಎಂಥಾ ಮೌನ!' ಅಂತ ಬರೆದಿದ್ದಾನೆ.

ದೊಡ್ಡವರ ಕಥೆಯೂ ಹೀಗೇ. ಜರ್ಮನಿಯ ಫೋಟೋಗ್ರಾಫರ್ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ರೈನ್ ನದಿಯದೊಂದು ಫೋಟೋ ಮಾಡಿದರು. ಹಸಿರು ದಂಡೆ, ನೀರು, ಮತ್ತೆ ಹಸಿರು ದಂಡೆ, ಮೇಲೆ ಬೂದು ಆಕಾಶ. ಮುಗೀತು. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 43 ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಫೋಟೋಗೂ ಅಷ್ಟು ಬಂದಿರಲಿಲ್ಲ. ಆದರೆ ಆ ದಂಡೆ ಅಷ್ಟು ಖಾಲಿ ಇರಲೇ ಇಲ್ಲ. ಅಲ್ಲೊಂದು ಕಾರ್ಖಾನೆ ಕಟ್ಟಡ ಇತ್ತು, ನಾಯಿ ಕರೆದುಕೊಂಡು ತಿರುಗುವ ಜನ ಇದ್ದರು. ಗುರ್ಸ್ಕಿ ಅವರನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿಹಾಕಿದರು. ಯಾರ ಸಂಡಿಗೆಯೂ ಹಾಳಾಗಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಇಂಗ್ಲೆಂಡಿನ ಮೈಕೆಲ್ ಕೆನ್ನಾ ಅವರದು ಇನ್ನೊಂದು ದಾರಿ. ಜಪಾನಿನ ಹೊಕ್ಕೈಡೋಗೆ ಚಳಿಗಾಲದಲ್ಲಿ ಹೋಗುತ್ತಾರೆ. ಹಿಮ ಬಿದ್ದು ಎಲ್ಲವನ್ನೂ ಮುಚ್ಚಿರುತ್ತೆ, ಒಂದು ಮರವೋ ನಾಲ್ಕು ಬೇಲಿ ಗೂಟವೋ ಉಳಿದಿರುತ್ತೆ. ಅದನ್ನು ಕಪ್ಪು ಬಿಳುಪಿನಲ್ಲಿ ತೆಗೆದರೆ ನೋಡಿದವರು ಮಾತು ಮರೆಯುತ್ತಾರೆ. ನಾನೂ ಮರೆತಿದ್ದೇನೆ. ಮೈಸೂರಲ್ಲಿ ಹಿಮ ಬೀಳಲ್ಲ, ಆ ಕೆಲಸಕ್ಕೆ ಮಾವ ಬೇಕು.

ಅದೇ ಹೊಕ್ಕೈಡೋದ ಬಿಯೇ ಅನ್ನುವ ಊರಿನ ಹೊಲದಲ್ಲಿ ಒಂದು ಪಾಪ್ಲರ್ ಮರ ಇತ್ತು. ಒಂದು ಕಡೆ ವಾಲಿಕೊಂಡು ಏನೋ ಯೋಚಿಸುತ್ತಿರುವಂತೆ ಕಾಣುತ್ತಿತ್ತು ಅಂತ ಅದನ್ನು ತತ್ತ್ವಜ್ಞಾನದ ಮರ ಅನ್ನುತ್ತಿದ್ದರು. ಒಂಟಿ ಮರದ ಫೋಟೋ ಬೇಕು ಅಂತ ಬಂದವರದೇ ಜಾತ್ರೆ. ಹೊಲದೊಳಗೆ ಹೋಗಬೇಡಿ ಅಂದರೂ ಕೇಳದೆ ಬೆಳೆ ತುಳಿದರು. 2016ರ ಫೆಬ್ರುವರಿಯಲ್ಲಿ ಹೊಲದ ಯಜಮಾನ ಮರವನ್ನೇ ಉರುಳಿಸಿಬಿಟ್ಟ. 'ಈಗ ಇನ್ನೂ ಮಿನಿಮಲ್ ಆಗಿರುತ್ತೆ, ಹೋಗಿ ತಗೊಂಡು ಬಾ' ಅಂದೆ ನಮ್ಮ ಹುಡುಗನಿಗೆ. ಅವನು ನಗಲಿಲ್ಲ.

ಸರಳ ಅಂದರೆ ಖಾಲಿಯೇ ಆಗಬೇಕಾ ಅಂತಲೂ ಕೇಳಿದೆ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ತೆಗೆದದ್ದು ಶಾಲೆ ಮಕ್ಕಳನ್ನ, ಬೀದಿಯ ಜನರನ್ನ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯ ತನಕ ಹೋದವು. ಅವರೇನೂ ಯಾರನ್ನೂ ಪಕ್ಕಕ್ಕೆ ಸರಿಸಿದ ಹಾಗೆ ಕಾಣಲ್ಲ. 'ಅದು ಬೇರೆ ಸ್ಟೈಲ್ ಮಾವ' ಅಂದ. ಇರಬಹುದು. ಇದನ್ನು ಇನ್ನೂ ಮುಂದಕ್ಕೆ ಯೋಚಿಸಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಅವನು ಹೊಸ ಫೋನ್ ತಂದ.

ಈ ಫೋನಿನಲ್ಲಿ ಬೇಡದ್ದನ್ನು ಬೆರಳಲ್ಲಿ ಒತ್ತಿದರೆ ಅಳಿಸಿಹೋಗುತ್ತೆ. ಯಾವುದು ಬೇಡ ಅಂತ ಒಮ್ಮೊಮ್ಮೆ ಅದೇ ಗುರುತು ಹಾಕಿಯೂ ತೋರಿಸುತ್ತೆ. ತಲಕಾಡಿನ ಮರಳಲ್ಲಿ ಅಕ್ಕನನ್ನು ನಿಲ್ಲಿಸಿ ತೆಗೆದ ಫೋಟೋದಲ್ಲಿ ಅದು ಹಿಂದಿನ ಐಸ್‌ಕ್ರೀಮ್ ಗಾಡಿಗೆ ಗುರುತು ಹಾಕಿತ್ತು, ಯಾರದೋ ಕೊಡೆಗೆ ಹಾಕಿತ್ತು, ಸ್ವಲ್ಪ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಭಾವನಿಗೂ ಹಾಕಿತ್ತು. ಅಕ್ಕ ಬಿದ್ದು ಬಿದ್ದು ನಕ್ಕಳು. ಭಾವ ನಗಲಿಲ್ಲ. ಈಗ ಯಾರು ಫೋನ್ ಎತ್ತಿದರೂ, ಯಾರದೇ ಫೋಟೋ ಆಗಲಿ, ಮೊದಲು ಬಂದು ಮಧ್ಯಕ್ಕೆ ನಿಲ್ಲುವವರು ಅವರೇ.