ಬರದ ಫೋಟೋ ಎಲ್ಲರ ಮೊಬೈಲ್‌ಗೂ ಬರಬೇಕೇ?

ದಕ್ಷಿಣ ಭಾರತದ 1876-78ರ ಬರದಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ವಿಲ್ಲೋಬಿ ವಾಲೇಸ್ ಹೂಪರ್ ಹಸಿದವರ ಫೋಟೋ ತೆಗೆದ. ಅವು ಈಗ ಆನ್‌ಲೈನ್‌ನಲ್ಲಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದು ಸರಿಯೇ?

ಪರ

ಇರಲಿ, ಎಲ್ಲರೂ ನೋಡಲಿ. ಆ ಬರ ನಮ್ಮದೂ ಹೌದು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಈ ಅಂಕಿ ಓದಿ ಪುಟ ತಿರುಗಿಸಿಬಿಡುತ್ತೇವೆ, ಅಲ್ವಾ? ಫೋಟೋ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿ ಇಳಿಸಿದ. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ 450 ಗ್ರಾಂ ಧಾನ್ಯ, ಮೇಲೆ ಒಂದಾಣೆ. ಅತ್ತ ಹಡಗುಗಳಲ್ಲಿ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಸರ್ಕಾರದ ಕಡತದಲ್ಲಿ ಇದೊಂದು ಮಿತವ್ಯಯದ ಲೆಕ್ಕ. ಆ ಲೆಕ್ಕ ಮೈಮೇಲೆ ಹೇಗೆ ಬಿತ್ತು ಅಂತ ತಿಳಿಯಬೇಕಾದರೆ ಫೋಟೋದಲ್ಲಿ ಮೊಣಕಾಲು ನೋಡಿ. ತೊಡೆಗಿಂತ ಮೊಣಕಾಲಿನ ಗಂಟೇ ದಪ್ಪ. ಮುಚ್ಚಿಟ್ಟರೆ ಲಾಭ ಯಾರಿಗೆ?

ವಿರೋಧ

ಸಾಕ್ಷಿ ಹೌದು, ಒಪ್ಪಿದೆ. ಆದರೆ ಸಾಕ್ಷಿಯನ್ನು ಕೂರಿಸಿದ ರೀತಿ ನೋಡಿ. ಕೆಲವರು ನೆಲದ ಮೇಲೆ, ಕೆಲವರು ಹಿಂದೆ. ಥೇಟ್ ಮದುವೆಮನೆಯ ಗ್ರೂಪ್ ಫೋಟೋ. ಆ ಕಾಲದ ಕ್ಯಾಮೆರಾದ ಮುಂದೆ ಅಲುಗಾಡುವಂತಿರಲಿಲ್ಲ. ಕೂರಲು ತ್ರಾಣವಿಲ್ಲದವರಿಗೂ ಅದೇ ನಿಯಮ. ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳನ್ನು ಗುಂಡಿಕ್ಕಿ ಕೊಲ್ಲುವ ಗಳಿಗೆಯನ್ನು ಸೆರೆಹಿಡಿಯಲು ಹೋಗಿ ತನಿಖೆ ಎದುರಿಸಿದ.

ನಮ್ಮನೆ ಗೋಡೆಯಲ್ಲಿ ಮುತ್ತಜ್ಜನ ಫೋಟೋ ಇದೆ. ತಲೆಗೆ ಪೇಟ, ಕೈಯಲ್ಲೊಂದು ದಪ್ಪ ಪುಸ್ತಕ. ಅವರಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕ ಸ್ಟುಡಿಯೋದವರದು. ಆದರೂ ಹಾಗೆ ಕಾಣಬೇಕು ಅಂತ ಆಸೆಪಟ್ಟವರು ಅವರೇ. ಹೂಪರ್ ಮುಂದೆ ಕೂತವರನ್ನು ಯಾರಾದರೂ ಕೇಳಿದ್ದರೇ? ತೆಗೆದವನ ಹೆಸರು ನಮಗೆ ಗೊತ್ತು. ಅವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ.

ಇನ್ನು ಫಾರ್ವರ್ಡ್ ಆಗುತ್ತಾ ಆಗುತ್ತಾ ಊರು, ವರ್ಷ ಎಲ್ಲ ಉದುರಿಹೋಗುತ್ತವೆ. ಇವೇ ಫೋಟೋಗಳು 1943ರ ಬಂಗಾಳದ ಬರ ಅಂತಲೂ ಓಡಾಡುತ್ತವೆ. ಹಾಗಾದ ಮೇಲೆ ಎಂಥ ಸಾಕ್ಷಿ! ಸುಟ್ಟುಹಾಕಿ ಅನ್ನುತ್ತಿಲ್ಲ. ಕೇಳಿ ಬಂದವರಿಗೆ ಊರು, ವರ್ಷದ ಸಮೇತ ತೋರಿಸಲಿ. ಸುಮ್ನೆ ಬೆರಳು ಜಾರಿಸುತ್ತಾ ಕೂತವರ ಮುಂದೆ ಬಂದು ಬೀಳುವುದು ಬೇಡ.