ಸಂಬಳ ಕಡಿಮೆ ಅನ್ನೋದೊಂದೇ ಕಾರಣ ಅಲ್ಲ

ವಿದೇಶಿ ಕಂಪನಿಗಳು ಭಾರತಕ್ಕೆ ಬರೋದು ಇಲ್ಲಿ ಸಂಬಳ ಕಡಿಮೆ ಅಂತ, ಅಷ್ಟೇ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕೋಲಾರದ ಕಡೆಯವರಾದ ನಾವು ಇದನ್ನು ಒಪ್ಪೋದಿಲ್ಲ ಸರ್. ಸಂಬಳ ಕಡಿಮೆ ಇರುವ ಊರುಗಳು ದೇಶದಲ್ಲಿ ಬೇಕಾದಷ್ಟಿವೆ, ಅಲ್ಲೆಲ್ಲಾ ಫ್ಯಾಕ್ಟರಿ ಬಂದಿದೆಯಾ?

ನಮ್ಮ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶವನ್ನೇ ನೋಡಿ. ಪಕ್ಕದಲ್ಲೇ ಬೆಂಗಳೂರು-ಚೆನ್ನೈ ಹೆದ್ದಾರಿ, ಆ ತುದಿಗೆ ಚೆನ್ನೈ ಬಂದರು, ಈ ಕಡೆ ದೇವನಹಳ್ಳಿ ವಿಮಾನ ನಿಲ್ದಾಣ, ಬಿಡಿಭಾಗ ಮಾಡಿಕೊಡೋರು ಹೊಸೂರು, ಪೀಣ್ಯದಲ್ಲೇ ಸಿಗುತ್ತಾರೆ. 2013ರಲ್ಲಿ ಹೋಂಡಾ ಇಲ್ಲಿ ಗಾಡಿ ಮಾಡೋಕೆ ಶುರು ಮಾಡಿತು. ಆ ಗಾಡಿ ಕೊಳ್ಳೋರೂ ನಾವೇ ಅಲ್ವಾ! ಇಷ್ಟು ದೊಡ್ಡ ಮಾರುಕಟ್ಟೆ ಕಣ್ಣೆದುರೇ ಇರುವಾಗ ಸಂಬಳದ ಲೆಕ್ಕ ಆಮೇಲಿನದು.

ಆಮೇಲೆ ತೈವಾನಿನ ವಿಸ್ಟ್ರಾನ್ ಬಂದು ಐಫೋನ್ ಜೋಡಿಸಿತು, 2023ರಲ್ಲಿ ಆ ಘಟಕವನ್ನು ಟಾಟಾದವರು ಕೊಂಡರು. ವಿದೇಶಿಯವರು ಹೋದರೂ ಕೆಲಸ ಕಲಿತ ನಮ್ಮ ಹುಡುಗ ಹುಡುಗಿಯರು ಇಲ್ಲೇ ಉಳಿದರು. ಮುಂದೆ ಬರುವ ಕಂಪನಿಗೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ? 2020ರಲ್ಲಿ ಮೊಬೈಲ್ ತಯಾರಿಕೆಗೆ ಕೇಂದ್ರ ತಂದ ಪ್ರೋತ್ಸಾಹಧನ ಯೋಜನೆಯೂ ಸಹಾಯ ಮಾಡಿದೆ, ನಿಜ.

ನೀವು ಬರೆಯದೆ ಬಿಟ್ಟಿದ್ದು ನೀರಿನ ವಿಷಯ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರ್ತಿದೆ. ಫ್ಯಾಕ್ಟರಿಗಳು ಬಂದಷ್ಟೂ ನೀರು ಜಾಸ್ತಿ ಬೇಕು. ಬಂಡವಾಳ ಹಾಕೋರು ಇದನ್ನು ಮೊದಲೇ ಕೇಳಬೇಕು, ಸರ್ಕಾರವೂ ರೈತರ ಬೋರ್‌ವೆಲ್ ಬತ್ತದ ಹಾಗೆ ಉತ್ತರ ಕೊಡಬೇಕು. ಇದರ ಬಗ್ಗೆಯೂ ಒಂದು ಲೇಖನ ಬರೆಯಿರಿ ಸರ್.