ಭಟ್ರ ಗಾಡಿ ಯಾವ ಡೈರಿಯಲ್ಲಿದೆ ಮಾರಾಯ್ರೇ?

ಈಗಷ್ಟೇ ಮನೆಗೆ ಬಂದೆ. ತಲೆ ಒರೆಸಿಕೊಂಡಿಲ್ಲ, ಕಾಫಿ ಕುಡಿದಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ನನ್ನ ಬಿಳಿ ಮಾರುತಿ ಎಂಟುನೂರು ಕಾರು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮಾರು ಅಂತ ಬುದ್ಧಿ ಹೇಳಿದವರೇ ಇಲ್ಲಿ ಜಾಸ್ತಿ ಇದ್ದೀರಿ. ಇವತ್ತು ಅದು ಮತ್ತೆ ಕೈಕೊಟ್ಟಿತು. ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಎಬ್ಬಿಸುವ ಮೋಟರ್, ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಹೊಸದು, ಮೇ ತಿಂಗಳಲ್ಲಿ ಹಾಕಿಸಿದ್ದು. ಪಕ್ಕದ ಮನೆ ಹುಡುಗರ ಕೈಯಲ್ಲಿ ತಳ್ಳಿಸಿ, ಎಲ್ಲೂ ಆಫ್ ಮಾಡದೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ತಂದು ನಿಲ್ಲಿಸಿದೆ.

ಮೇಸ್ತ್ರಿ ಲಕ್ಷಣ ಕೇಳಿ ನಕ್ಕರು. "ಇದೇ ತರ ಹೊಸನಗರದ ಭಟ್ರ ಗಾಡಿಗೂ ಆಗಿತ್ತು ಸರ್. ತುಂಬಾ ತಲೆ ತಿಂದಿತ್ತು. ಎಂತ ಮಾಡಿದ್ದು ಅಂತ ಬರ್ದಿಟ್ಟಿದೀನಿ, ತಡೀರಿ."

ಬರೆದಿಟ್ಟಿದ್ದಾರಂತೆ! ನನಗೆ ಅವರ ಕೈ ಮುಗಿಯಬೇಕು ಅನ್ನಿಸಿತು. ಗ್ಯಾರೇಜಿನಲ್ಲಿ ಬರೆದಿಡುವವರನ್ನು ನಾನು ನೋಡಿದ್ದೇ ಕಡಿಮೆ.

ಡೈರಿ ಬಂತು. ಒಂದಲ್ಲ, ಐದು. ಬ್ಯಾಂಕಿನವರು, ಔಷಧಿ ಕಂಪನಿಯವರು, ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟವು. ಅಂಚಿಗೆಲ್ಲ ಗ್ರೀಸು, ರಟ್ಟಿಗೆ ಬೂಷ್ಟು. ಒಳಗೆ ಎಲ್ಲವೂ ಊರಿನ ಹೆಸರಲ್ಲಿ, ಆಳಿನ ಹೆಸರಲ್ಲಿ. 'ತೀರ್ಥಹಳ್ಳಿ ಮೇಷ್ಟ್ರು, ಓಮ್ನಿ, 1850 ಬಾಕಿ.' 'ರಿಪ್ಪನ್‌ಪೇಟೆ ಡಾಕ್ಟ್ರು, ಸೌಂಡ್.' ಎಂಥ ಸೌಂಡ್, ಎಲ್ಲಿಂದ ಸೌಂಡ್, ಅದು ಡಾಕ್ಟ್ರಿಗೆ ಮತ್ತು ದೇವರಿಗೆ ಮಾತ್ರ ಗೊತ್ತು. ಅವರೆರಡು, ನಾನು ಮೂರು ಡೈರಿ ಹಿಡಿದು ಕೂತೆವು. ಒಂದೂವರೆ ತಾಸು. ಎರಡು ಟೀ ಆಯಿತು. ಕೊನೆಗೆ ಸಿಕ್ಕಿತು.

'ಹೊಸನಗರ ಭಟ್ರು. ಮಾರುತಿ. ಸೆಲ್ಫ್ ಕಂಪ್ಲೇಂಟ್. ಸರಿ ಆಯ್ತು. 300.'

ಸರಿ ಆಯ್ತು! ಎಂತ ಮಾಡಿದ್ದಕ್ಕೆ ಸರಿ ಆಯ್ತು ಮಾರಾಯ್ರೇ? ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದಾರೆ.

ನನ್ನ ಸಿಟ್ಟು ಮೇಸ್ತ್ರಿಯ ಮೇಲಲ್ಲ. ಅವರು ಬರೆದರಾದರೂ ಬರೆದರು. ಗಾಡಿ ಹುಚ್ಚು ಇರುವ ನಾವೆಲ್ಲ ಮಾಡುವುದೂ ಇದನ್ನೇ. ರೋಗ ಬಂದಾಗ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತೇವೆ. ವಾಸಿಯಾದ ಮೇಲೆ 'ಸರಿಯಾಯ್ತು, ಥ್ಯಾಂಕ್ಸ್' ಅಂತ ಎದ್ದು ಹೋಗುತ್ತೇವೆ. ಔಷಧಿ ಯಾವುದು ಅಂತ ಒಬ್ಬನೂ ಹೇಳುವುದಿಲ್ಲ.

ಹೇಳಿದರೂ ಯಾವ ಗಾಡಿ ಅಂತ ಹೇಳುವುದಿಲ್ಲ. 'ಮಾರುತಿ 800' ಅಂದುಬಿಟ್ಟರೆ ಮುಗಿಯಿತಾ? ಅದು 1983ರ ಕೊನೆಗೆ ರಸ್ತೆಗೆ ಬಂದಿದ್ದು, 2014ರ ಜನವರಿಯವರೆಗೂ ತಯಾರಾಗಿದೆ. ಮೂವತ್ತು ವರ್ಷ, ಒಂದೇ ಹೆಸರು. ಎಂಜಿನ್‌ಗೆ ಪೆಟ್ರೋಲ್ ಉಣಿಸಲು ಹಳೆಯದಕ್ಕೆ ಕಾರ್ಬುರೇಟರ್, ಆಮೇಲಿನದಕ್ಕೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ. ಕಾರ್ಬುರೇಟರ್ ಗಾಡಿಯ ಪೆಟ್ರೋಲ್ ಪಂಪ್ ಎಂಜಿನ್‌ಗೆ ಅಂಟಿಕೊಂಡು ಅದರ ತಿರುಗಾಟದಿಂದಲೇ ಓಡುತ್ತದೆ. ಎಂಪಿಎಫ್‌ಐನದು ಕರೆಂಟಿನ ಪಂಪು, ಟ್ಯಾಂಕಿನೊಳಗೆ ಮುಳುಗಿ ಕೂತಿದೆ. 'ಪಂಪ್ ಚೆಕ್ ಮಾಡ್ಸಿ' ಅಂತ ಒಬ್ಬ ಪುಣ್ಯಾತ್ಮ ಸಲಹೆ ಕೊಟ್ಟರೆ ಬಾನೆಟ್ ಎತ್ತಬೇಕೋ ಹಿಂದಿನ ಸೀಟು ಎತ್ತಬೇಕೋ?

ಇನ್ನು ಹೆಸರಿನ ಗೋಜಲು. ನನ್ನ ಹತ್ತಿರ ಸರ್ವಿಸ್ ಮ್ಯಾನ್ಯುಯಲ್‌ನ ಒಂದು ಜೆರಾಕ್ಸ್ ಪ್ರತಿ ಇದೆ. ಅದರಲ್ಲಿ 'ಸೆಲ್ಫ್' ಅಂತ ಹುಡುಕಿದರೆ ಜನ್ಮದಲ್ಲಿ ಸಿಗುವುದಿಲ್ಲ. ಅಲ್ಲಿ ಅದು 'ಕ್ರ್ಯಾಂಕಿಂಗ್ ಸಿಸ್ಟಮ್'. ನಮ್ಮ ಮೇಸ್ತ್ರಿ 'ಡೈನಮೋ' ಅನ್ನುವುದು ಅಲ್ಲಿ 'ಆಲ್ಟರ್ನೇಟರ್'. ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ ನಾವು 'ಮಿಸ್ಸಿಂಗ್' ಅನ್ನುತ್ತೇವೆ, ಅಲ್ಲಿ ಅದು 'ಮಿಸ್‌ಫೈರ್'. ಸ್ಪಾರ್ಕು ಹಂಚುವ ಡಿಸ್ಟ್ರಿಬ್ಯೂಟರ್‌ಗೆ 'ಡೆಲ್ಕೋ' ಅನ್ನುವ ಹಳಬರು ಇನ್ನೂ ಇದ್ದಾರೆ. ಹುಡುಗರು ಫೋನಿನಲ್ಲಿ ಒಂದು ಹೆಸರು ಒತ್ತಿ ಹುಡುಕುತ್ತಾರೆ. ಉತ್ತರ ಪಕ್ಕದಲ್ಲೇ ಇನ್ನೊಂದು ಹೆಸರು ಹೊತ್ತುಕೊಂಡು ಕೂತಿರುತ್ತದೆ. ಎರಡೂ ಹೆಸರು ಬರೆದರೆ ಯಾರ ಗಂಟು ಹೋಗುತ್ತದೆ?

ಅಂದವಾಗಿ ಜೋಡಿಸಲು ಬರುವುದಿಲ್ಲ ಅಂತಲ್ಲ. ಅದೇ ಮಾರುತಿಯ ಬಿಡಿಭಾಗದ ನಂಬರ್ ನೋಡಿ. ಮೊದಲ ಐದು ಅಂಕಿ 16510 ಆದರೆ ಆಯಿಲ್ ಫಿಲ್ಟರ್, 13780 ಆದರೆ ಏರ್ ಫಿಲ್ಟರ್. ಮಾಡೆಲ್ ಬದಲಾದರೆ ಹಿಂದಿನ ಭಾಗ ಮಾತ್ರ ಬದಲು. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಸ್ಕ್ಯಾನರ್ ತೋರಿಸುವ ಕೋಡು ಇನ್ನೂ ಚಂದ. ಪಿ0301 ಅಂದರೆ ಪಿ ಎಂಜಿನ್–ಗೇರ್‌ಬಾಕ್ಸಿನ ಕಡೆಯದು, ಸೊನ್ನೆ ಎಲ್ಲ ಕಂಪನಿಗೂ ಒಂದೇ ಕೋಡು ಅಂತ, ಮೂರು ಸ್ಪಾರ್ಕು–ಮಿಸ್ಸಿಂಗಿನ ಗುಂಪು, ಕೊನೆಯ 01 ಮೊದಲನೇ ಸಿಲಿಂಡರ್. ಒಂದೊಂದು ಅಕ್ಷರಕ್ಕೂ ಒಂದೊಂದು ಖಾನೆ. ಮಸಾಲೆ ಡಬ್ಬಿಯ ಹಾಗೆ.

ಅಷ್ಟು ದೂರ ಯಾಕೆ? ನಾವು ಅಡಿಕೆ ಸೀಮೆಯ ಜನ. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಬೇರೆ ಬೇರೆ ಮಾಡದೆ ಯಾರಾದರೂ ಚೀಲ ಇಳಿಸುತ್ತಾರಾ? ರಾಶಿಯೊಳಗೆ ನಾಲ್ಕು ಗೊರಬಲು ಸೇರಿದ್ದರೆ ಅಪ್ಪ ಮನೆಯಲ್ಲಿ ಅನ್ನ ಬಿಡುತ್ತಿದ್ದರು. ಅದೇ ಮನೆಯ ಮಗ ನಾನು, ಗಾಡಿಯ ವಿಷಯವನ್ನೆಲ್ಲ ಗೋಣಿಗೆ ತುಂಬಿ ಅಟ್ಟಕ್ಕೆ ಎಸೆದಿದ್ದೇನೆ.

ಹೌದು, ನಾನೂ. ಅದನ್ನೂ ಹೇಳಿಬಿಡುತ್ತೇನೆ.

ಡೈರಿ ಕೈಕೊಟ್ಟ ಮೇಲೆ ಮೇಸ್ತ್ರಿ ತಲೆ ಓಡಿಸಿದರು. ದಪ್ಪನೆಯ ಜಂಪರ್ ವೈರು ತಂದು ಬ್ಯಾಟರಿಯ ಮೈನಸ್‌ಗೆ ಒಂದು ತುದಿ, ಎಂಜಿನ್ ಮೈಗೆ ಇನ್ನೊಂದು ತುದಿ ಹಿಡಿದು "ಹೊಡೀರಿ ಸೆಲ್ಫ್" ಅಂದರು. ಹೊಡೆದೆ. ಎಂಜಿನ್ ಹುಡುಗನ ಹಾಗೆ ಎದ್ದು ಕುಣಿಯಿತು. ಅಂದರೆ ಬ್ಯಾಟರಿ ಸರಿ, ಸೆಲ್ಫ್ ಸರಿ. ಅರ್ಥಿಂಗ್, ಅಂದರೆ ಎಂಜಿನ್‌ನಿಂದ ಬ್ಯಾಟರಿಗೆ ಕರೆಂಟು ವಾಪಸ್ಸಾಗುವ ದಾರಿ, ಇಲ್ಲ. ಮೈನಸ್ ವೈರು ಎಂಜಿನ್‌ಗೆ ಕೂರುವ ಬೋಲ್ಟ್ ಬಿಚ್ಚಿದರೆ ಹಸಿರು ಹಸಿರು ಕಿಲುಬು. ನಮ್ಮ ಮಳೆಗೆ ಮನುಷ್ಯರಿಗೇ ಬೂಷ್ಟು ಹಿಡಿಯುತ್ತದೆ, ತಾಮ್ರ ಬಿಡುತ್ತದಾ? ಕಿಲುಬಿಗೆ ಸ್ಕ್ಯಾನರ್‌ನಲ್ಲಿ ಕೋಡೂ ಇಲ್ಲ.

ಆ ಹಸಿರು ನೋಡಿದ ಕೂಡಲೇ ನನ್ನ ಹೊಟ್ಟೆ ತಣ್ಣಗಾಯಿತು. ಇದನ್ನು ಎಲ್ಲೋ ನೋಡಿದ್ದೇನೆ. ಫೋನು ತೆಗೆದು ಫೋಟೋಗಳನ್ನು ಹಿಂದಕ್ಕೆ ತಳ್ಳುತ್ತಾ ಹೋದೆ. ಸಾವಿರಗಟ್ಟಲೆ ಇವೆ. ಮೂರು ವರ್ಷ ಹಿಂದೆ ಹೋದಾಗ, ಮಗಳ ಹುಟ್ಟುಹಬ್ಬದ ಕೇಕು ಮತ್ತು ಯಾರದೋ ಮದುವೆಯ ಊಟದ ಎಲೆಯ ನಡುವೆ ಇದೇ ಬೋಲ್ಟು, ಇದೇ ಹಸಿರು. ನನ್ನದೇ ಗಾಡಿ. ನಾನೇ ತೆಗೆದ ಫೋಟೋ. ಹೆಸರಿಲ್ಲ, ಒಂದು ಸಾಲು ಬರಹವಿಲ್ಲ.

ಮೇ ತಿಂಗಳಲ್ಲಿ ಸೆಲ್ಫ್ ಹೀಗೇ ಎಳೆದಾಗ 3800 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ್ದು ಯಾರು? ಇದೇ ಮಹಾನುಭಾವ. ದಯವಿಟ್ಟು ಈ ಪ್ಯಾರಾ ನನ್ನ ಹೆಂಡತಿಗೆ ತೋರಿಸಬೇಡಿ.

'ಒಳ್ಳೆ ಮೆಕ್ಯಾನಿಕ್‌ಗೆ ಪುಸ್ತಕ ಯಾಕೆ, ಕಿವಿ ಸಾಕು' ಅಂತ ಕಾಮೆಂಟ್ ಹಾಕಲು ಕೆಲವರ ಬೆರಳು ತುರಿಸುತ್ತಿರಬಹುದು. ಒಪ್ಪಿದೆ. ಆ ಕಿವಿ ಭಾನುವಾರ ರಜೆ ಇರುತ್ತದೆ. ಆ ಕಿವಿಗೆ ವಯಸ್ಸಾಗುತ್ತದೆ. ಸಂಜೆ ಆರು ಗಂಟೆಗೆ ಹುಲಿಕಲ್ ಘಾಟಿಯಲ್ಲಿ ಗಾಡಿ ನಿಂತರೆ ಆ ಕಿವಿಯನ್ನು ಕರೆಯಲು ನೆಟ್‌ವರ್ಕೂ ಇರುವುದಿಲ್ಲ.

'ಎಲ್ಲಾ ಯೂಟ್ಯೂಬಲ್ಲಿ ಇದೆ' ಅನ್ನುವವರು ಇನ್ನೊಂದು ಕಡೆ. ಇದೆ. ಹದಿನೈದು ನಿಮಿಷದ ವಿಡಿಯೋ. ನಮಸ್ಕಾರ, ಲೈಕು, ಸಬ್‌ಸ್ಕ್ರೈಬು, ಹೊಸ ಮನೆಯ ಗೃಹಪ್ರವೇಶ ಎಲ್ಲ ಆದಮೇಲೆ ಹನ್ನೊಂದನೇ ನಿಮಿಷಕ್ಕೆ ಬೋಲ್ಟು ಕಾಣುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ನಿಂತವನು ಅಲ್ಲಿಯವರೆಗೆ ಬದುಕಿದ್ದರೆ ನೋಡಿಯಾನು.

ಇವತ್ತಿನ ಲೆಕ್ಕ ಇಲ್ಲೇ ಬರೆಯುತ್ತೇನೆ, ಬೇಕಾದವರು ಹುಡುಕಿಕೊಳ್ಳಿ. ಮಾರುತಿ 800, ಎಂಪಿಎಫ್‌ಐ, 2005ರದ್ದು. ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟರ್, ನಿಧಾನ ತಿರುಗುವುದು, ಮಳೆಗಾಲದಲ್ಲಿ ಜಾಸ್ತಿ. ಬ್ಯಾಟರಿ ಬದಲಿಸಿದರೂ ಉಪಯೋಗವಿಲ್ಲ. ಬ್ಯಾಟರಿ ಮೈನಸ್‌ಗೂ ಎಂಜಿನ್ ಮೈಗೂ ವೋಲ್ಟ್ ಮೀಟರ್ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಬಿಚ್ಚಿ, ಎರಡೂ ಕಡೆ ಸ್ಯಾಂಡ್‌ಪೇಪರ್ ಹೊಡೆದು, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿಯಿರಿ.

ಮೇಸ್ತ್ರಿಗೂ ಇದನ್ನೇ ನಿಧಾನವಾಗಿ ಹೇಳಿ ಬರೆಸಿದೆ. ಪಾಪ, ಒಂದಕ್ಷರ ಬಿಡದೆ ಬರೆದುಕೊಂಡರು. ಮಾಡೆಲ್, ವರ್ಷ, ಲಕ್ಷಣ, ಔಷಧಿ ಎಲ್ಲ. ಕೈಬರಹವೂ ದುಂಡಗೆ. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಆಮೇಲೆ ನೋಡುತ್ತೇನೆ, ಬರೆದಿರುವುದು 2019ರ ಬ್ಯಾಂಕ್ ಡೈರಿಯಲ್ಲಿ, ನವೆಂಬರ್ ತಿಂಗಳ ಪುಟದಲ್ಲಿ.

"ಇಲ್ಲಿ ಯಾಕೆ?" ಅಂದೆ.

"ಇದ್ರಲ್ಲಿ ಜಾಗ ಖಾಲಿ ಇತ್ತು ಸರ್" ಅಂದರು.

300 ರೂಪಾಯಿ ಕೊಟ್ಟು ಬಂದೆ.